ಸೇತುವೆಯ ಆಚೆ ಈಚೆ

ಕಜುಂಗುಲಾದಲ್ಲಿ ಜಾಂಬೆಜಿ ನದಿಗೆ ಕಟ್ಟಿ 2021ರಲ್ಲಿ ತೆರೆದ 923 ಮೀಟರ್ ಸೇತುವೆಗೆ ಒಂದು ತುದಿ ಜಾಂಬಿಯಾ, ಇನ್ನೊಂದು ಬೋಟ್ಸ್ವಾನಾ. 1966ರಲ್ಲಿ ಸ್ವತಂತ್ರವಾದಾಗ ಬೋಟ್ಸ್ವಾನಾದಲ್ಲಿದ್ದ ಡಾಂಬರು ರಸ್ತೆ ಹತ್ತು-ಹನ್ನೆರಡು ಕಿಲೋಮೀಟರ್ ಅಷ್ಟೇ. ಸಾಹುಕಾರ ಅಂದರೆ ತಾಮ್ರದ ಜಾಂಬಿಯಾ. 1970ರ ದಶಕದ ಮಧ್ಯದಲ್ಲಿ ತಾಮ್ರದ ಬೆಲೆ ಬಿತ್ತು, ಖರ್ಚು ಇಳಿಯಲಿಲ್ಲ, ಸಾಲ ಬೆಳೆಯಿತು. ಇತ್ತ 1967ರಲ್ಲಿ ಬೋಟ್ಸ್ವಾನಾದ ಒರಾಪಾದಲ್ಲಿ ವಜ್ರ ಸಿಕ್ಕಿತು. ಗಣಿ ಕಂಪನಿಯಲ್ಲಿ ಸರ್ಕಾರ ಅರ್ಧ ಪಾಲು ಹಿಡಿದು, ಖರ್ಚು ಕಳೆದು ಉಳಿದ ದುಡ್ಡನ್ನು ಪುಲಾ ನಿಧಿ ಅನ್ನೋ ದೇಶದ ಉಳಿತಾಯಕ್ಕೆ ಹಾಕಿತು.

ವ್ಯತ್ಯಾಸ ಕಾಣೋದು ಒಲೆ ಮುಂದೆ. ಜಾಂಬಿಯಾದ ಕರೆಂಟು ಬಹುಪಾಲು ನೀರಿನದು. 2024ರ ಬರಕ್ಕೆ ಕರಿಬಾ ಜಲಾಶಯ ತಳ ಕಂಡಾಗ ಊಟದ ಎನ್‌ಶಿಮಾ ಇದ್ದಿಲ ಒಲೆಗೆ ಬಂತು. ಅದು ನಮ್ಮ ಮುದ್ದೆಯ ಅಣ್ಣ, ಬಿಳಿ ಮೆಕ್ಕೆಜೋಳದ ಹಿಟ್ಟಿನದು: ಮೊದಲು ತೆಳು ಗಂಜಿ ಕುದಿಸಿ, ಆಮೇಲೆ ಹಿಟ್ಟು ಸೇರಿಸುತ್ತಾ ಮರದ ಸೌಟಿನಲ್ಲಿ ತಿರುವಬೇಕು. ಉರಿ ಸಣ್ಣಗಾದರೆ ಹಸಿ ಹಿಟ್ಟಿನ ವಾಸನೆ. ಇದ್ದಿಲಿಗೆ ಬೇಡಿಕೆ ಏರಿದಷ್ಟೂ ಕಾಡಿಗೆ ಕೊಡಲಿ.

ಬೋಟ್ಸ್ವಾನಾ ಕಲ್ಲಿದ್ದಲು ಸುಡುತ್ತೆ, ಬರಕ್ಕೆ ಅಷ್ಟು ಹೆದರಲ್ಲ. ಆದರೆ ಲ್ಯಾಬ್‌ನಲ್ಲಿ ತಯಾರಿಸಿದ ವಜ್ರ ಬಂದು ಅದರ ಗಲ್ಲಾಪೆಟ್ಟಿಗೆಯೂ ಸೊರಗಿದೆ. 2025ರ ಆಗಸ್ಟಿನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಖಾಲಿಯಾಗಿ ಆರೋಗ್ಯ ತುರ್ತುಸ್ಥಿತಿ ಘೋಷಿಸಬೇಕಾಯಿತು.