ಹರಕೆ ನನ್ನದು, ಕಾಲು ಚಂದ್ರಿಯದು

ಹರಕೆ ಹೊತ್ತವನು ನಾನು, ಕುದುರೆ ಚಂದ್ರಿ ಅಲ್ಲ. ಶಿರಸಿ ಬಳಿಯ ಸೋಂದೆಯಿಂದ ಪಂಢರಪುರದವರೆಗೆ ಅವಳ ಮೇಲೆ ಹೋಗಿ, ಕಾರ್ತಿಕ ಏಕಾದಶಿಯ ಹೊತ್ತಿಗೆ ವಿಠ್ಠಲನ ಪಾದ ಮುಟ್ಟುತ್ತೇನೆಂದು ಸಂಕಲ್ಪ ಮಾಡಿಕೊಂಡಾಗಿನಿಂದ ಈ ಒಂದು ಯೋಚನೆ ಬಿಡದೆ ಕಾಡುತ್ತಿದೆ. ಹರಕೆ ಯಾಕೆ ಎಂಬುದು ಮನೆಯ ವಿಷಯ, ಇಲ್ಲಿ ಬರೆಯುವುದಿಲ್ಲ. ಆದರೆ ನನಗೆ ಬೇಕಾದ ಪುಣ್ಯಕ್ಕೆ ಇನ್ನೊಂದು ಜೀವದ ಬೆನ್ನು ಹುಣ್ಣಾದರೆ ಆ ಯಾತ್ರೆಯನ್ನು ದೇವರ ಮುಂದೆ ಯಾವ ಮುಖದಿಂದ ಒಪ್ಪಿಸುವುದು?

ಶಿರಸಿಯ ಕಡೆ ಆಕಳು ಕಟ್ಟಿದವರು ಮನೆಗೊಬ್ಬರು ಸಿಕ್ಕಾರು, ಕುದುರೆ ಕಟ್ಟಿದವರು ಹುಡುಕಿದರೂ ಸಿಗುವುದಿಲ್ಲ. ಚಂದ್ರಿ ಹಳಿಯಾಳದ ಕಡೆಯ ಸ್ನೇಹಿತರೊಬ್ಬರ ಹೆಣ್ಣುಕುದುರೆ. ಕುರಿಗಾರರು ಗುಡಾರ, ಪಾತ್ರೆ, ಮರಿಗಳನ್ನು ಹೇರಿಕೊಂಡು ಊರೂರು ಅಲೆಯುತ್ತಾರಲ್ಲ, ಆ ಜಾತಿಯ ಗಿಡ್ಡ ದಖ್ಖನಿ ಕುದುರೆ. ನೋಡಲು ಅಂಥ ಚೆಲುವೆಯೇನಲ್ಲ. ಗೊರಸು ಮಾತ್ರ ಗಟ್ಟಿ, ಹೊಟ್ಟೆ ಇನ್ನೂ ಗಟ್ಟಿ. ತೂಕ ಅಂದಾಜು 350 ಕಿಲೋ. ಸವಾರ, ಜೀನು, ಚೀಲ ಎಲ್ಲ ಸೇರಿ ಕುದುರೆಯ ತೂಕದ ಐದನೇ ಒಂದು ಪಾಲನ್ನು ಮೀರಬಾರದು ಎಂಬುದು ಬಲ್ಲವರ ಲೆಕ್ಕ. ಅಂದರೆ 70 ಕಿಲೋ. ನಾನೊಬ್ಬನೇ ಅಷ್ಟರ ಹತ್ತಿರ ಬರುತ್ತೇನೆ. ಹಾಗಾಗಿ ಬಟ್ಟೆಬರೆ, ಅಕ್ಕಿ, ಹುರುಳಿ ಎಲ್ಲವೂ ಹಿಂದಿನಿಂದ ಬರುವ ಸ್ನೇಹಿತರ ವಾಹನದಲ್ಲಿ. ಏರು ಬಂದಲ್ಲಿ, ಇಳಿಜಾರಿನಲ್ಲಿ, ಬಿಸಿಲು ಏರಿದ ಮೇಲೆ ನಾನು ಇಳಿದು ನಡೆಯುವುದು. ಕುದುರೆಯ ಯಾತ್ರೆ ಎಂದು ಹೆಸರಿದ್ದರೂ ಅರ್ಧ ದಾರಿ ನನ್ನ ಕಾಲಿನದೇ ಆಗಲಿದೆ. ಆಗಲಿ.

ಸೋಂದೆಯಿಂದಲೇ ಹೊರಡಬೇಕೆನ್ನುವುದಕ್ಕೆ ಕಾರಣವಿದೆ. ಅದು ಮಾಧ್ವ ಯತಿ ವಾದಿರಾಜರ ಬೃಂದಾವನವಿರುವ ನೆಲ, ಕುದುರೆಮೊಗದ ವಿಷ್ಣು ಹಯಗ್ರೀವನ ನೆಲ. ಗಣಪತಿಯ ವಿಗ್ರಹ ಎರೆಯಲು ಹೊರಟ ಅಕ್ಕಸಾಲಿಗನಿಗೆ ಎಷ್ಟು ಸಲ ಎರೆದರೂ ಕುದುರೆಮೊಗದ ಮೂರ್ತಿಯೇ ಮೂಡಿತಂತೆ, ಅದು ವಾದಿರಾಜರ ಕೈ ಸೇರಿತಂತೆ. ಅವರ ಕೀರ್ತನೆಗಳ ಅಂಕಿತವೂ ಹಯವದನ. ಬೇಯಿಸಿದ ಕಡಲೆಗೆ ಬೆಲ್ಲ, ಕಾಯಿ, ತುಪ್ಪ ಕೂಡಿಸಿ ಹರಿವಾಣವನ್ನು ತಲೆಯ ಮೇಲೆ ಹೊತ್ತು ಕುಳಿತರೆ, ದೇವರು ಬಿಳಿಕುದುರೆಯಾಗಿ ಹಿಂದಿನಿಂದ ಬಂದು, ಮುಂಗಾಲೆರಡನ್ನು ಅವರ ಹೆಗಲ ಮೇಲಿಟ್ಟು ತಿಂದು ಸ್ವಲ್ಪ ಉಳಿಸಿ ಹೋಗುತ್ತಿತ್ತು ಎಂಬ ಕಥೆಯನ್ನು ನಮ್ಮ ಕಡೆ ಕೇಳದೆ ಬೆಳೆದ ಮಕ್ಕಳಿಲ್ಲ. ಉಳಿದದ್ದು ಪ್ರಸಾದ. ಒಂದು ದಿನ ಯಾರೋ ಹೊಟ್ಟೆಕಿಚ್ಚಿನವರು ವಿಷ ಬೆರೆಸಿದರು. ಅಂದು ಹರಿವಾಣದಲ್ಲಿ ಒಂದು ಕಾಳೂ ಉಳಿಯಲಿಲ್ಲ. ಭಕ್ತನಿಗೆ ವಿಷ ಸಿಗಬಾರದೆಂದು ದೇವರು ಎಲ್ಲವನ್ನೂ ತಾನೇ ತಿಂದುಬಿಟ್ಟ.

ಚಂದ್ರಿಯ ಬಳಿ ವಾರಗಟ್ಟಲೆ ಇದ್ದು ಅವಳ ಚಾಕರಿ ಕಲಿತ ಮೇಲೆ ಈ ಕಥೆ ನನಗೆ ಬೇರೆಯೇ ಆಗಿ ಕೇಳಿಸುತ್ತದೆ. ಕುದುರೆ ಸಾಕುವವನು ಬೆಳಿಗ್ಗೆ ಎದ್ದು ಮೊದಲು ನೋಡುವುದು ಮೇವಿನ ತೊಟ್ಟಿಯನ್ನು, ಎಷ್ಟು ತಿಂದಿದೆ, ಎಷ್ಟು ಉಳಿದಿದೆ ಎಂದು. ತಿನ್ನದೆ ಬಿಟ್ಟಿದ್ದರೆ ಎದೆ ಧಸಕ್ಕೆನ್ನುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಕೆಟ್ಟರೆ ಹೊಟ್ಟೆಶೂಲೆಯಾಗಿ ಪ್ರಾಣಕ್ಕೇ ಬರುತ್ತದೆ. ವಾದಿರಾಜರು ತಲೆಯ ಮೇಲಿನಿಂದ ಹರಿವಾಣ ಇಳಿಸಿ ನೋಡಿದಾಗಲೂ ಹೀಗೇ ಎದೆ ಹೊಡೆದುಕೊಂಡಿತ್ತೋ ಏನೋ. ಇನ್ನೊಂದು ಮಾತು: ಆ ಕಡಲೆ, ಬೆಲ್ಲದ ಹಯಗ್ರೀವ ಮಡ್ಡಿ ದೇವರ ಕುದುರೆಗೆ ಸರಿ, ಚಂದ್ರಿಗೆ ಕೊಟ್ಟರೆ ಆ ರಾತ್ರಿಯೇ ಪಶುವೈದ್ಯರನ್ನು ಕರೆಸಬೇಕಾದೀತು. ಅವಳಿಗೆ ಹುಲ್ಲೇ ಮುಖ್ಯ, ದಿನಕ್ಕೆ ಏಳೆಂಟು ಕಿಲೋ ಒಣಹುಲ್ಲು. ನೆನೆಸಿ ಬೇಯಿಸಿದ ಹುರುಳಿ ಮುಷ್ಟಿ ಲೆಕ್ಕದಲ್ಲಿ, ಜೊತೆಗೆ ಒಂದಿಷ್ಟು ಉಪ್ಪು. ನೀರು ಮೊದಲು, ಕಾಳು ಆಮೇಲೆ, ಅದೂ ದಣಿವಾರಿದ ಮೇಲೆ.

ದಿನ ಗೊತ್ತುಮಾಡುವುದರಲ್ಲೇ ಮನೆಯಲ್ಲಿ ಒಂದು ಸಣ್ಣ ಪಂಚಾಯಿತಿ ನಡೆಯಿತು. ಪಂಢರಪುರದ ದೊಡ್ಡ ವಾರಿ, ಅಂದರೆ ಕಾಲ್ನಡಿಗೆಯ ಯಾತ್ರೆ, ಆಷಾಢದ್ದು, ನಿಜ. ಆದರೆ ಆಷಾಢದಲ್ಲಿ ನಮ್ಮ ಘಟ್ಟದ ಮೇಲೆ ಕುದುರೆ ನಡೆಸುವುದೆಂದರೆ ಉಂಬಳಗಳಿಗೆ (ಜಿಗಣೆಗಳಿಗೆ) ಔತಣ. ಗೊರಸು ನೆನೆದು ಮೆತ್ತಗಾಗಿ ಕೊಳೆಯುವುದೂ ಆಗಲೇ. ಹಾಗಾಗಿ ಕಾರ್ತಿಕದ್ದೇ ಸರಿ. ಸೀಗೆ ಹುಣ್ಣಿಮೆ ಕಳೆದ ಮರುದಿನ ಹೊರಟರೆ ಏಕಾದಶಿಗೆ ಸುಮಾರು 25 ದಿನ ಸಿಗುತ್ತದೆ. ದಾರಿ 400 ಕಿಲೋಮೀಟರಿಗಿಂತ ಹೆಚ್ಚು. ದಿನಕ್ಕೆ ಇಪ್ಪತ್ತೈದರ ಆಸುಪಾಸು ನಡೆದು, ವಾರಕ್ಕೊಂದು ದಿನ ಪೂರ್ತಿ ವಿಶ್ರಾಂತಿ ಕೊಟ್ಟರೂ ಕೈಯಲ್ಲಿ ಕೆಲವು ದಿನ ಉಳಿಯುತ್ತದೆ. ತೊಡಕು ಒಂದೇ, ದೊಡ್ಡಹಬ್ಬ ದೀಪಾವಳಿಗೆ ನಾನು ಮನೆಯಲ್ಲಿರುವುದಿಲ್ಲ. ಗೋಪೂಜೆಯ ದಿನ ಆಕಳ ಕೊರಳಿಗೆ ಅಡಿಕೆಸರ ಕಟ್ಟುವವರು ಯಾರು ಎಂದು ಅಮ್ಮ ಇನ್ನೂ ಕೇಳುತ್ತಲೇ ಇದ್ದಾರೆ. ಅಡಿಕೆ ಕೊಯ್ಲಿನ ಹೊತ್ತಿಗೆ ಬಂದುಬಿಡುತ್ತೇನೆ ಎಂಬ ನನ್ನ ಮಾತಿಗೆ ಅಪ್ಪನ ಉತ್ತರ ಬರೀ ಒಂದು ಹುಂಕಾರ.

ಸೋಂದೆಯಿಂದ ಯಲ್ಲಾಪುರದವರೆಗೆ ನೆರಳು, ನೀರು ಎರಡಕ್ಕೂ ಚಿಂತೆಯಿಲ್ಲ. ಶಾಲ್ಮಲೆ ಹೊಳೆಯ ಬಂಡೆಗಳ ಮೇಲೆ ಸೋಂದೆಯ ಅರಸರ ಕಾಲದಲ್ಲಿ ಕೊರೆದ ಸಹಸ್ರಲಿಂಗಗಳಿಗೆ ಕೈಮುಗಿದು, ಬೇಡ್ತಿ ಹೊಳೆ ದಾಟಿ ಹೋಗುವುದು. ಯಲ್ಲಾಪುರದಲ್ಲಿ ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯ ಲಾರಿಗಳ ಸಾಲನ್ನು ಅಡ್ಡ ದಾಟುವುದಕ್ಕೆ ನಸುಕಿನ ಹೊತ್ತೇ ಆಗಬೇಕು. ಅಲ್ಲಿಂದ ಭಗವತಿಯ ಮೇಲೆ ಹಳಿಯಾಳ. ಆ ಕಾಡುದಾರಿಯಲ್ಲಿ ಭತ್ತ ತೆನೆ ಬಿಡುವ ಕಾಲಕ್ಕೆ ಆನೆಗಳ ಓಡಾಟ ಇರುವುದರಿಂದ ಸಂಜೆ ನಾಲ್ಕಕ್ಕೇ ಬಿಡಾರ. ಹಳಿಯಾಳ ಮುಟ್ಟಿದರೆ ವಿಠ್ಠಲನ ಭಕ್ತರಾದ ವಾರಕರಿಗಳ ನಾಡು ಮುಟ್ಟಿದಂತೆ. ತುಳಸಿಮಾಲೆಯವರು, ತಾಳದವರು ಮನೆ ಮನೆಯಲ್ಲೂ ಸಿಗುತ್ತಾರೆ. ನನಗೆ ಹೆದರಿಕೆ ಇರುವುದು ಚಿಕ್ಕೋಡಿ ಸೀಮೆಯದು. ಆಗ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಎಳೆಯುತ್ತಾ, ಧ್ವನಿವರ್ಧಕದಲ್ಲಿ ಹಾಡು ಹಾಕಿಕೊಂಡು ಬರುವ ಟ್ರ್ಯಾಕ್ಟರುಗಳನ್ನು ಕಾಡಂಚಿನ ಕುದುರೆ ಎಂದೂ ಕಂಡಿಲ್ಲ. ಈಗಿನಿಂದಲೇ ರೂಢಿಯಾಗಲೆಂದು ಅವಳ ಲಾಯದಲ್ಲಿ ರೇಡಿಯೋ ಇಟ್ಟಿದ್ದೇವೆ. ಚಂದ್ರಿಗೆ ಯಕ್ಷಗಾನದ ಚೆಂಡೆ ಅಡ್ಡಿಯಿಲ್ಲ, ಜಾಹೀರಾತು ಬಂದರೆ ಕಿವಿ ಹಿಂದಕ್ಕೆ ಮಡಚುತ್ತಾಳೆ.

ರಾಜ್ಯದ ಗಡಿ ದಾಟುವುದರಿಂದ ಗ್ಲ್ಯಾಂಡರ್ಸ್ ಎಂಬ ಕುದುರೆಗಳ ಸೋಂಕುರೋಗ ಇಲ್ಲವೆಂಬ ರಕ್ತಪರೀಕ್ಷೆಯ ವರದಿ, ಪಶುವೈದ್ಯರ ಆರೋಗ್ಯಪತ್ರ ಜೊತೆಗಿರಬೇಕು. ಅದು ಮನುಷ್ಯರಿಗೂ ಹರಡುವ ರೋಗ, ಲಸಿಕೆಯಿಲ್ಲದ್ದು. ಧನುರ್ವಾಯುವಿನ ಲಸಿಕೆ ಆಗಿದೆ. ಲಾಳವನ್ನು ಹೊರಡುವ ವಾರದ ಮೊದಲೇ ಕಟ್ಟಿಸಬೇಕು, ಮೊಳೆಯೊಂದು ಗೊರಸಿನೊಳಗಿನ ಜೀವಭಾಗಕ್ಕೆ ತಾಗಿದ್ದರೆ ಮನೆಯಲ್ಲೇ ಕುಂಟು ಗೊತ್ತಾಗುತ್ತದೆ.

ದಿನವೂ ಅವಳ ಕಾಲೆತ್ತಿ ಗೊರಸು ಕೆರೆಯುತ್ತೇನೆ. ಪಕ್ಕದಲ್ಲಿ ನಿಂತು ಹೆಗಲಿನಿಂದ ಕೆಳಗೆ ಕೈ ಜಾರಿಸಿಕೊಂಡು ಬಂದರೆ ತಾನಾಗಿಯೇ ಕಾಲು ಕೊಡುತ್ತಾಳೆ. ಗೊರಸಿನ ನಡುವೆ ಬಾಣದ ತುದಿಯಂತೆ ಮೆತ್ತನೆಯ ಭಾಗವಿದೆ, ಅದರ ಇಕ್ಕೆಲದ ಸೀಳಿನಲ್ಲಿ ಸಗಣಿ, ಕೆಂಪುಮಣ್ಣು, ಒಮ್ಮೊಮ್ಮೆ ಚೂಪಾದ ಕಲ್ಲಿನ ಚೂರು ಕೂತಿರುತ್ತದೆ. ಹಿಮ್ಮಡಿಯಿಂದ ಮುಂದಕ್ಕೆ ಕೆರೆದು, ಬೆರಳಿಟ್ಟು ಬಿಸಿ ನೋಡಿ, ಮೂಸಿ ನೋಡಬೇಕು. ಕೊಳೆತಿದ್ದರೆ ನಾತ ಬರುತ್ತದೆ. ಸಂಧ್ಯಾವಂದನೆಯಲ್ಲಿ ಎತ್ತೆತ್ತಲೋ ಓಡುವ ನನ್ನ ಮನಸ್ಸು ಈ ನಾಲ್ಕು ಪಾದಗಳ ಮುಂದೆ ಮಾತ್ರ ಅಲ್ಲಾಡುವುದಿಲ್ಲ.

ಅಂಕಲಿಯಲ್ಲಿ ಒಂದು ದಿನ ಹೆಚ್ಚು ನಿಲ್ಲಬೇಕೆಂದಿದ್ದೇನೆ. ಆಷಾಢದ ವಾರಿಗೆ ಪುಣೆ ಬಳಿಯ ಆಳಂದಿಯಿಂದ ಹೊರಡುವ ಸಂತ ಜ್ಞಾನೇಶ್ವರರ ಪಲ್ಲಕ್ಕಿಗೆ ಕುದುರೆಗಳು ಹೋಗುವುದು ಬೆಳಗಾವಿ ಜಿಲ್ಲೆಯ ಆ ಊರಿನ ಶಿತೋಳೆ ಮನೆತನದಿಂದ. ಎರಡು ಕುದುರೆ. ಒಂದರ ಮೇಲೆ ಧ್ವಜ ಹಿಡಿದ ಸವಾರ. ಇನ್ನೊಂದರ ಮೇಲೆ ಯಾರೂ ಕೂರುವುದಿಲ್ಲ, ಅಲ್ಲಿ ಜ್ಞಾನೇಶ್ವರರೇ ಕುಳಿತಿದ್ದಾರೆಂದು ನಂಬಿಕೆ. ದಾರಿಯಲ್ಲಿ ಭಕ್ತರ ನಡುವೆ ಕುದುರೆ ಓಡಿಸುವ ರಿಂಗಣದಲ್ಲಿ ಅವು ಓಡಿ ಹೋದ ಮೇಲೆ ಜನ ಗೊರಸಿನ ಧೂಳನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ. ಆ ಖಾಲಿ ಜೀನಿನ ವಿಷಯ ಕೇಳಿದ ಮೇಲೆ ನನ್ನ ಯೋಜನೆಯಲ್ಲಿ ಒಂದು ತಿದ್ದುಪಡಿಯಾಗಿದೆ: ಅಂಕಲಿಯಿಂದ ಮುಂದೆ, ಕೃಷ್ಣೆ ದಾಟಿದ ಮೇಲೆ, ನಾನು ಚಂದ್ರಿಯ ಮೇಲೆ ಕೂರುವುದಿಲ್ಲ. ಮಿರಜ, ಸಾಂಗೋಲೆಯ ಆ ಬಯಲಿನಲ್ಲಿ ನೀರು ದೂರ, ಬಿಸಿಲು ಹತ್ತಿರ. ಹಗ್ಗ ಹಿಡಿದು ಜೊತೆಗೆ ನಡೆಯುತ್ತೇನೆ. ಹರಕೆಗೆ ಲೋಪವಾಯಿತೇ ಎಂದು ಮನೆಯ ಪುರೋಹಿತರನ್ನು ಕೇಳಿದೆ. ಕುದುರೆ ಜೊತೆಗಿದ್ದರೆ ಸಾಕು, ಯಾರು ಯಾರ ಮೇಲೆ ಎಂದು ವಿಠ್ಠಲ ಲೆಕ್ಕ ಇಡುವುದಿಲ್ಲ ಎಂದು ನಕ್ಕರು.

ಏಕಾದಶಿಯ ಜನಜಂಗುಳಿಗೆ ಅವಳನ್ನು ಒಯ್ಯುವುದಿಲ್ಲ. ಸಾಂಗೋಲೆಯ ಆಚೆ ಯಾವುದಾದರೂ ಹೊಲದಲ್ಲಿ ಸ್ನೇಹಿತರ ಜೊತೆ ಬಿಟ್ಟು, ಪಂಢರಪುರದ ಹೊಳೆ ಚಂದ್ರಭಾಗೆಯಲ್ಲಿ ಮಿಂದು, ಸರದಿಯಲ್ಲಿ ನಿಲ್ಲುವುದು ನಾನೊಬ್ಬನೇ. ಕುದುರೆ ನಿಂತೇ ತೂಕಡಿಸುತ್ತದೆ, ಆದರೆ ಗಾಢ ನಿದ್ದೆಗೆ ಮಲಗಲೇಬೇಕು, ನಂಬಿಕೆ ಬಾರದ ಜಾಗದಲ್ಲಿ ಮಲಗುವುದಿಲ್ಲ. ಆದ್ದರಿಂದ ಆ ಹೊಲವನ್ನು ನೋಡಿಬರಲು ಮುಂದಿನ ತಿಂಗಳು ಬಸ್ಸಿನಲ್ಲಿ ಒಮ್ಮೆ ಹೋಗಿಬರಬೇಕು. ಬಾವಿಯಿದೆಯೇ, ಮರವಿದೆಯೇ, ನೆಲ ಮೆತ್ತಗಿದೆಯೇ, ನಾಯಿಗಳ ಕಾಟ ಎಷ್ಟು ಎಂದು ವಿಚಾರಿಸಿ, ಯಜಮಾನರಿಗೆ ಹುಲ್ಲಿನ ಮುಂಗಡ ಕೊಟ್ಟು ಬರಬೇಕು.