ಕಸದ ಗಾಡಿ ಮನೆಬಾಗಿಲಿಗೇ ಬರುವಾಗ ಚಿಂದಿ ಆಯುವವರು ಏಕೆ ಬೇಕು?

ಬೆಂಗಳೂರಿನ ಕಸದ ವಿಚಾರ ಬಂದಾಗಲೆಲ್ಲ ಓದುಗರು ನನ್ನನ್ನು ಕೇಳುವ ಪ್ರಶ್ನೆ ಇದು. ಗಾಡಿಯ ಕೆಲಸ ಕಸವನ್ನು ಸಾಗಿಸುವುದು. ಆ ಕಸದಲ್ಲಿ ಮರುಬಳಕೆಗೆ ಬರುವುದನ್ನು ಉಳಿಸುವವರು ಚಿಂದಿ ಆಯುವವರು ಎಂಬುದು ನನ್ನ ಉತ್ತರ. ಮರುಬಳಕೆಗೆ ಎಷ್ಟು ಉಳಿಯಿತು ಎನ್ನುವುದರ ಮೇಲೆ ಆ ದಿನದ ಅನ್ನ ನಿಂತಿರುವುದು ಅವರಿಗೆ ಮಾತ್ರ.

ಅವರ ಕೆಲಸವನ್ನು ಹತ್ತಿರದಿಂದ ನೋಡಬೇಕು. ನಮಗೆ ಒಂದೇ ವಸ್ತುವಾಗಿ ಕಾಣುವ ನೀರಿನ ಬಾಟಲಿಯಲ್ಲಿ ಮೈ ಒಂದು ಬಗೆಯ ಪ್ಲಾಸ್ಟಿಕ್, ಮುಚ್ಚಳ ಇನ್ನೊಂದು, ಸುತ್ತಿದ ಲೇಬಲ್ ಮತ್ತೊಂದು. ಹಾಲಿನ ಕವರು ಯಾವುದು, ಚರಚರ ಎನ್ನುವ ಪೊಟ್ಟಣ ಯಾವುದು ಎಂಬುದನ್ನು ಅವರು ಮುದುಡಿದಾಗಿನ ಸದ್ದಿನಿಂದಲೇ ಗುರುತಿಸಬಲ್ಲರು. ರಟ್ಟು ಒದ್ದೆಯಾದರೆ ಗುಜರಿ ಅಂಗಡಿಯಲ್ಲಿ ಬೆಲೆ ಬಿದ್ದುಹೋಗುತ್ತದೆ. ಸಾರು ಮೆತ್ತಿದ ಕಾಗದವನ್ನು ಕೊಳ್ಳುವವರೇ ಇಲ್ಲ. ಹಸಿ ಕಸ, ಒಣ ಕಸ ಎರಡನ್ನೂ ಒಟ್ಟಿಗೆ ಅದುಮುವ ಕಾಂಪ್ಯಾಕ್ಟರ್ ಲಾರಿಯೊಳಗೆ ಹೋದ ಮೇಲೆ ಈ ಯಾವ ಕೌಶಲವೂ ಉಪಯೋಗಕ್ಕೆ ಬರುವುದಿಲ್ಲ.

ಹಾಗೆ ಕೆಟ್ಟುಹೋದ ಕಸವನ್ನು ಯಾವುದೋ ಹಳ್ಳಿಯ ಪಕ್ಕ ಸುರಿಯಬೇಕಾಗುತ್ತದೆ. ಗ್ರಾಮಸ್ಥರ ಪ್ರತಿಭಟನೆಗಳ ನಂತರ 2012ರಲ್ಲಿ ಮಾವಳ್ಳಿಪುರದಲ್ಲಿ, 2014ರಲ್ಲಿ ಮಂಡೂರಿನಲ್ಲಿ ಕಸ ಸುರಿಯುವುದು ನಿಂತಿತು. ನಗರದ ಕಸ ಆ ಊರುಗಳ ನೀರು, ಗಾಳಿಗಳನ್ನು ಕೆಡಿಸಿದ್ದು ಅನ್ಯಾಯವೇ ಸರಿ.

ಆಯುವವರನ್ನು ಬದಿಗೊತ್ತಿದರೆ ಏನಾಗುತ್ತದೆ ಎಂಬುದಕ್ಕೆ ಈಜಿಪ್ಟಿನ ಕೈರೋ ನಗರ ಸಾಕ್ಷಿ. ಅಲ್ಲಿ ದಶಕಗಳಿಂದ ಮನೆಮನೆಯ ಕಸ ಒಯ್ಯುತ್ತಿದ್ದ ಜಬ್ಬಾಲೀನ್ ಸಮುದಾಯ ಅದರ ಬಹುಪಾಲನ್ನು ಮರುಬಳಕೆಗೆ ಒದಗಿಸುತ್ತಿತ್ತು. 2003ರ ಸುಮಾರಿಗೆ ವಿದೇಶಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಾಗ ಒಪ್ಪಂದ ಕೇಳಿದ್ದು ಶೇಕಡಾ 20ರಷ್ಟು ಮರುಬಳಕೆಯನ್ನು ಮಾತ್ರ. ಮನೆಯಿಂದ ಒಯ್ಯುವ ಬದಲು ಬೀದಿಯಲ್ಲಿ ತೊಟ್ಟಿ ಇಟ್ಟಾಗ ಜನ ಒಪ್ಪಲಿಲ್ಲ, ರಸ್ತೆಗಳಲ್ಲಿ ಕಸ ಉಳಿಯಿತು.

ಬೆಂಗಳೂರು ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. ಪಾಲಿಕೆ 2011ರಲ್ಲಿ ಆಯುವವರಿಗೆ ಗುರುತಿನ ಚೀಟಿ ಕೊಡಲು ಆರಂಭಿಸಿತು. ನಸುಕಿನಲ್ಲಿ ಗೋಣಿಚೀಲ ಹೊತ್ತು ನಡೆಯುವವರನ್ನು ಕಳ್ಳರೆಂದು ಗುಮಾನಿಯಿಂದ ನೋಡುವ ಊರಿನಲ್ಲಿ ಅದು ಸಣ್ಣ ಆಸರೆಯಲ್ಲ. ಎಷ್ಟೋ ವಾರ್ಡುಗಳ ಒಣಕಸ ಕೇಂದ್ರಗಳನ್ನು ಈಗ ಅವರೇ ನಡೆಸುತ್ತಾರೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೂ ಅವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿದವು. ಇಷ್ಟಾದರೂ ಒಣ ಕಸ ಯಾರ ಕೈ ಸೇರಬೇಕು ಎಂಬುದನ್ನು ಕಸ ಸಾಗಿಸುವ ಗುತ್ತಿಗೆಯಲ್ಲಿಯೇ ಸ್ಪಷ್ಟವಾಗಿ ಬರೆಯದಿದ್ದರೆ ಚೀಟಿಯಿಂದ ಹೊಟ್ಟೆ ತುಂಬುವುದಿಲ್ಲ. ಕೇಂದ್ರಕ್ಕೆ ಸೂರು, ತಕ್ಕಡಿ, ಕೈಗವಸು, ಹೆಂಗಸರಿಗೆ ಶೌಚಾಲಯ ಇವುಗಳ ಖರ್ಚನ್ನು ಪಾಲಿಕೆಯೇ ಭರಿಸಬೇಕು, ವಿಂಗಡಣೆಯ ದುಡಿಮೆಗೆ ಮಾರಾಟದ ಹಣವಲ್ಲದೆ ಸೇವಾಶುಲ್ಕವನ್ನೂ ಕೊಡಬೇಕು.