ಟಿಕೆಟ್ಟಿಲ್ಲದ ಗ್ಯಾಲರಿಯ ಆ ವರ್ಷ

ನಾನು ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿದ್ದಾಗ ನಮ್ಮ ವಿಶ್ವವಿದ್ಯಾನಿಲಯದ ಕಲಾ ಗ್ಯಾಲರಿಯಲ್ಲಿ ಒಂದಾದ ಮೇಲೊಂದರಂತೆ ಪ್ರದರ್ಶನಗಳು ನಡೆದವು. ಎಲ್ಲಕ್ಕೂ ಪ್ರವೇಶ ಉಚಿತವಾಗಿತ್ತು. ಅರ್ಥಶಾಸ್ತ್ರ ಓದುತ್ತಿದ್ದ ನನಗೆ ಚಿತ್ರಕಲೆಯ ಗಂಧಗಾಳಿ ಇರಲಿಲ್ಲವಾದ್ದರಿಂದ, ಟಿಕೆಟ್ ಇಟ್ಟಿದ್ದರೆ ಆ ಬಾಗಿಲನ್ನು ದಾಟುತ್ತಿದ್ದೆನೆಂದು ಹೇಳಲಾರೆ. ಹಣ ತೆತ್ತು ಒಳಹೋದವರು ಕೊಟ್ಟದ್ದನ್ನು ವಸೂಲು ಮಾಡಿಕೊಳ್ಳುವ ಆತುರದಲ್ಲಿ ಗೋಡೆಯಿಂದ ಗೋಡೆಗೆ ಸಾಗುತ್ತಾರೆ. ನಮಗೆ ಆ ಲೆಕ್ಕಾಚಾರವಿರಲಿಲ್ಲ. ಎರಡು ತರಗತಿಗಳ ನಡುವೆ ಸಿಕ್ಕ ಬಿಡುವಿನಲ್ಲಿ ಒಳಹೊಕ್ಕು, ಒಂದೇ ಒಂದು ಚಿತ್ರದ ಮುಂದೆ ನಿಂತು, ಉಳಿದುದನ್ನು ನಾಳೆಗೆ ಬಿಟ್ಟು ಬರಬಹುದಾಗಿತ್ತು. ಉಚಿತ ಪ್ರವೇಶದ ನಿಜವಾದ ಲಾಭ ಅದೇ ಎಂದು ನಾನು ಈಗಲೂ ನಂಬಿದ್ದೇನೆ.

ಮೊದಲಿಗೆ ನಡೆದ ಛಾಯಾಚಿತ್ರ ಪ್ರದರ್ಶನಕ್ಕೆ ಜನ ಬಹಳ ಬಂದರು ಎಂಬುದನ್ನು ಬಿಟ್ಟರೆ ಅದರ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನಿಲ್ಲ. ಮನಸ್ಸಿನಲ್ಲಿ ನಿಂತದ್ದು ಅದರ ನಂತರದ ಮುದ್ರಣಕಲೆಯ ಪ್ರದರ್ಶನ. ಚಿತ್ರ ಕೊರೆದ ಒಂದೇ ಫಲಕಕ್ಕೆ ಶಾಯಿ ಹಚ್ಚಿ ಹಲವು ಪ್ರತಿಗಳನ್ನು ತೆಗೆಯಬಹುದಾದ್ದರಿಂದ, ವರ್ಣಚಿತ್ರಗಳನ್ನು ಕೊಳ್ಳಲಾಗದ ವಿಶ್ವವಿದ್ಯಾನಿಲಯಗಳೂ ಮುದ್ರಣಕಲೆಯ ಸಂಗ್ರಹವನ್ನು ಕಟ್ಟಿಕೊಳ್ಳಬಲ್ಲವು. ಅಲ್ಲಿ ತೂಗುಹಾಕಿದ್ದ ಜಪಾನಿನ ಕಲಾವಿದ ಹೊಕುಸಾಯ್‌ನ 'ಮಹಾ ಅಲೆ' ಚಿತ್ರ 1831ರ ಸುಮಾರಿನ ಮೂಲ ಪ್ರತಿಯಲ್ಲ, ನಂತರದವರು ಹೊಸದಾಗಿ ಮರದಲ್ಲಿ ಕೆತ್ತಿ ಅಚ್ಚೊತ್ತಿದ್ದು. ಚಿತ್ರದ ಕೆಳಗಿನ ವಿವರಚೀಟಿಯಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಪಕ್ಕದಲ್ಲಿದ್ದ ಜರ್ಮನಿಯ ಕಲಾವಿದ ಡ್ಯೂರರ್‌ನ 1515ರ ಘೇಂಡಾಮೃಗವೂ ಪ್ರತಿಕೃತಿಯೇ. ಆ ಪ್ರಾಣಿಯನ್ನು ಕಣ್ಣಾರೆ ಕಾಣದೆ, ಲಿಸ್ಬನ್‌ನಿಂದ ಬಂದ ವರ್ಣನೆಯನ್ನೂ ರೇಖಾಚಿತ್ರವನ್ನೂ ನಂಬಿ ಡ್ಯೂರರ್ ಅದಕ್ಕೆ ಕವಚ ತೊಡಿಸಿ, ಹೆಗಲ ಮೇಲೆ ಇಲ್ಲದ ಇನ್ನೊಂದು ಪುಟ್ಟ ಕೊಂಬನ್ನೂ ದಯಪಾಲಿಸಿದ್ದ.

ನಾನು ಮತ್ತೆ ಮತ್ತೆ ಹೋಗುತ್ತಿದ್ದುದು ಸ್ಪೇನಿನ ಕಲಾವಿದ ಗೋಯಾನ ಒಂದು ಅಚ್ಚುಚಿತ್ರವನ್ನು ನೋಡಲು. 1799ರಲ್ಲಿ ಪ್ರಕಟವಾದ ಅವನ 80 ಚಿತ್ರಗಳ 'ಕಾಪ್ರಿಚೋಸ್' ಸರಣಿಯ 43ನೆಯ ಚಿತ್ರ ಅದು: ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋದ ಮನುಷ್ಯ, ಅವನ ಬೆನ್ನ ಹಿಂದೆ ಮೇಲೇಳುವ ಗೂಬೆಗಳು, ಬಾವಲಿಗಳು. ಇಷ್ಟು ಎಲ್ಲರಿಗೂ ಮೊದಲ ನೋಟಕ್ಕೇ ಕಾಣುತ್ತದೆ. ಕುರ್ಚಿಯ ಬಳಿ ನೆಲದ ಮೇಲೆ ಮಲಗಿ, ಕಣ್ಣು ಅಗಲಿಸಿ ಎಚ್ಚರವಾಗಿರುವ ಕಾಡುಬೆಕ್ಕು ನನಗೆ ಕಂಡದ್ದು ಬಹಳ ದಿನಗಳ ಮೇಲೆ. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದಿದಾಗ ಕಣಗಳ ಸುತ್ತಲಿನ ಲೋಹ ಮಾತ್ರ ಕೊರೆದುಹೋಗಿ ಅಲ್ಲಿ ಶಾಯಿ ನಿಲ್ಲುತ್ತದೆ. ಅಕ್ವಾಟಿಂಟ್ ಎಂಬ ಈ ವಿಧಾನದಿಂದಲೇ ಗೋಯಾನ ಕತ್ತಲೆಗೆ ಆ ಮರಳುಮರಳಾದ ಬೂದುಬಣ್ಣ ಬಂದಿದೆ. ನಮ್ಮಲ್ಲಿದ್ದುದು ಅದೇ ಫಲಕದಿಂದ ಬಹಳ ಕಾಲದ ನಂತರ ತೆಗೆದ ಪ್ರತಿ. ಯಂತ್ರದ ಒತ್ತಡಕ್ಕೆ ಸಿಕ್ಕಿ ಸಿಕ್ಕಿ ಫಲಕ ಸವೆದಿದ್ದರಿಂದ ಬೂದುಬಣ್ಣ ಅಲ್ಲಲ್ಲಿ ತೆಳುವಾಗಿತ್ತು. ರೇಖೆಗಳು ಮಾತ್ರ ಗಟ್ಟಿಯಾಗಿ ನಿಂತಿದ್ದವು.

ಆ ಪ್ರದರ್ಶನ ಮುಗಿಯುವ ಹೊತ್ತಿಗೆ ನಾನು ಗ್ಯಾಲರಿಯ ಸ್ವಯಂಸೇವಕನಾಗಿದ್ದೆ. ಚಿತ್ರದ ನಡುಭಾಗ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ಗುರುತು ಹಾಕುವುದು, ಚೌಕಟ್ಟಿನ ಮೇಲೆ ರಸಮಟ್ಟ ಇಟ್ಟು ನೋಡುವುದು, ಬೆಳಕನ್ನು ಅಳೆಯುವುದು ನಮ್ಮ ಕೆಲಸವಾಗಿತ್ತು. ಕೋಣೆ ತೀರ ಮಬ್ಬಾಗಿದೆಯೆಂದು ಅಭಿಪ್ರಾಯ ಪುಸ್ತಕದಲ್ಲಿ ದೂರುಗಳು ತುಂಬಿರುತ್ತಿದ್ದವು. ಕಾಗದದ ಮೇಲಿನ ಕೃತಿಗಳಿಗೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚಿನ ಬೆಳಕು ಬೀಳಬಾರದು, ಬೆಳಕಿನಿಂದಾದ ಹಾನಿ ಕೂಡುತ್ತಲೇ ಹೋಗುತ್ತದೆ, ಮಾಸಿದ ಬಣ್ಣ ಮರಳಿ ಬರುವುದಿಲ್ಲ ಎಂದು ಪ್ರದರ್ಶನಗಳ ಹೊಣೆ ಹೊತ್ತಿದ್ದ ಕ್ಯುರೇಟರ್ ಮೇಡಂ ಬೇಸರಿಸದೆ ಪ್ರತಿಯೊಬ್ಬರಿಗೂ ವಿವರಿಸುತ್ತಿದ್ದರು. ಬಾಗಿಲ ಬಳಿ ಒಂದು ಚೀಟಿ ಅಂಟಿಸಿದ್ದರೆ ಅವರ ಗಂಟಲಿಗೆ ವಿಶ್ರಾಂತಿ ಸಿಗುತ್ತಿತ್ತೇನೋ!

ವರ್ಷದ ಕೊನೆಯದು ಲಲಿತಕಲಾ ವಿಭಾಗದ ಅಂತಿಮ ವರ್ಷದವರ ಪ್ರದರ್ಶನ. ಗುಣಮಟ್ಟ ಒಂದೇ ಸಮನಾಗಿತ್ತೆಂದು ಹೇಳಿದರೆ ಮುಖಸ್ತುತಿಯಾದೀತು. ಆದರೆ ಬದುಕಿರುವ ಕಲಾವಿದರು ತಮ್ಮ ಕೃತಿಯ ಪಕ್ಕದಲ್ಲೇ ನಿಂತು ಉತ್ತರಿಸುತ್ತಿದ್ದುದು ಅಲ್ಲಿ ಮಾತ್ರ. ಅಚ್ಚಿನ ಕೆಳಗೆ ಪೆನ್ಸಿಲಿನಲ್ಲಿ 3/10 ಎಂದೇಕೆ ಬರೆದಿದೆಯೆಂದು ಕ್ಯಾಂಪಸ್ಸಿನ ತೋಟದ ಕೆಲಸದವರೊಬ್ಬರು ಕೇಳಿದಾಗ, ಹತ್ತು ಪ್ರತಿಗಳಲ್ಲಿ ಇದು ಮೂರನೆಯದು ಎಂದು ಹೇಳಿದ ಹುಡುಗಿ, ಅವರನ್ನು ಕರೆದೊಯ್ದು ತಾನು ಕೆತ್ತಿದ ಮರದ ಹಲಗೆಯನ್ನೇ ತೋರಿಸಿದಳು. ಅವರು ಹಲಗೆಯ ಮೇಲೆ ಬೆರಳಾಡಿಸಿ, ಚಿತ್ರ ಇಲ್ಲಿ ಎಡಬಲ ಅದಲುಬದಲಾಗಿದೆಯಲ್ಲ ಎಂದು ನಮಗಿಂತ ಮೊದಲೇ ಗುರುತಿಸಿದರು.

ಉಚಿತವೆಂದರೆ ಖರ್ಚಿಲ್ಲದ್ದಲ್ಲ ಎಂಬುದನ್ನು ಅರ್ಥಶಾಸ್ತ್ರದವನಾಗಿ ನಾನು ಮರೆಯುವಂತಿಲ್ಲ; ವಿಮೆ, ಚೌಕಟ್ಟು, ಕಾವಲು ಎಲ್ಲದಕ್ಕೂ ಯಾರಾದರೂ ಹಣ ಕೊಡಲೇಬೇಕು. 1683ರಲ್ಲಿ ತೆರೆದ ಆಕ್ಸ್‌ಫರ್ಡ್‌ ವಿಶ್ವವಿದ್ಯಾನಿಲಯದ ಆಶ್ಮೋಲಿಯನ್ ವಸ್ತುಸಂಗ್ರಹಾಲಯ, 1832ರಲ್ಲಿ ಸ್ಥಾಪನೆಯಾದ ಯೇಲ್ ವಿಶ್ವವಿದ್ಯಾನಿಲಯದ ಗ್ಯಾಲರಿ ಇಂದಿಗೂ ಪ್ರವೇಶ ಶುಲ್ಕ ಕೇಳುವುದಿಲ್ಲವಾದರೂ ಅವುಗಳ ಬೆನ್ನಿಗೆ ದೊಡ್ಡ ದೊಡ್ಡ ದತ್ತಿನಿಧಿಗಳಿವೆ. ನಮ್ಮ ಗ್ಯಾಲರಿ ಈಗ ತರಗತಿಗಳು ಬಿಡುವ ಹೊತ್ತಿಗೇ ಮುಚ್ಚುತ್ತದೆಂದು ಕೇಳಿದ್ದೇನೆ. ಸಂಜೆ ಇನ್ನೊಂದು ಗಂಟೆ ತೆರೆದಿಡಲು ಬೇಕಾಗುವ ಕಾವಲಿನ ವೆಚ್ಚವನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಹಂಚಿಕೊಂಡು ಭರಿಸಬಹುದೆಂಬ ಸಲಹೆಯನ್ನು ಸಂಘದ ಮುಂದಿಟ್ಟಿದ್ದೇನೆ. ಒಪ್ಪುವವರು ಕಾರ್ಯದರ್ಶಿಗಳಿಗೆ ತಿಳಿಸಬೇಕಾಗಿ ಕೋರುತ್ತೇನೆ.